ಅರ ಹಿಡಿದ ಕೈ
ಜಂಗಮಕೋಟೆ ಕಡೆಯ ನೀಲಗಿರಿ ತೋಪಿನಲ್ಲಿ ಮರ ಕೊಯ್ಯುವವರೊಬ್ಬರನ್ನು ನೋಡುತ್ತಾ ನಿಂತಿದ್ದೆ. ಅವರು ಮೊದಲು ಮುಟ್ಟಿದ್ದು ಚೈನ್ ಸಾ ಚಾಲೂ ಮಾಡುವ ಹಗ್ಗವನ್ನಲ್ಲ, ಗುಂಡು ಅರವನ್ನು. ಒಂದೊಂದು ಹಲ್ಲಿಗೂ ಮೂರು ಸಲ, ಒಳಗಿನಿಂದ ಹೊರಕ್ಕೆ ಮಾತ್ರ, ಸುಮಾರು 30 ಡಿಗ್ರಿ ಓರೆಯಲ್ಲಿ. ಹಿಂದಕ್ಕೆ ತರುವಾಗ ಅರ ಹಲ್ಲಿಗೆ ತಾಗಲಿಲ್ಲ. ಒಂದು ಬದಿ ಪೂರ್ತಿ ಮುಗಿಸಿ, ಮಗ್ಗುಲು ಬದಲಿಸಿ ಇನ್ನೊಂದು ಬದಿ. ಎಷ್ಟು ಚೆಂದದ ಕೆಲಸ!

ಚೈನಿನ ಈ ಹಲ್ಲಿನ ಹುಟ್ಟು ಈ ಕಡೆಯ ರೇಷ್ಮೆ ಸೀಮೆಯವರಿಗೆ ಹಿಡಿಸುವಂಥದ್ದು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಮರ ಕೊರೆಯುವ ಹುಳುವೊಂದರ ದವಡೆ ಎಡಕ್ಕೂ ಬಲಕ್ಕೂ ಆಡುವುದನ್ನು ಕಂಡು, ಅದೇ ಆಕಾರದಲ್ಲಿ ಚೈನ್ ಮಾಡಿದ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು ಕೇಳಿದವರಿಗೆ ದವಡೆಯ ಶಕ್ತಿ ಹೊಸದೇನಲ್ಲ.

ಉಳಿದದ್ದು ದಿನದ ಆರೈಕೆ. ಏರ್ ಫಿಲ್ಟರಿನ ಧೂಳು ಕೊಡವಬೇಕು. ಚೈನ್ ಓಡುವ ಬಾರಿನ ತೋಡಿನಲ್ಲಿ ಕೂತ ಹೊಟ್ಟು ಕೆರೆದು, ಒಂದೇ ಅಂಚು ಸವೆಯದಂತೆ ಆಗಾಗ ಬಾರನ್ನು ತಿರುಗಿಸಿ ಹಾಕಬೇಕು. ಚೈನ್ ಬಾರಿಗೆ ಅಂಟಿಕೊಂಡಿರಬೇಕು, ಆದರೂ ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು.

ಮಿಷನ್ ಗುಡುಗಿತು. ಮರದಿಂದ ಉದುರಿದ್ದು ಪುಡಿಯಲ್ಲ, ದಪ್ಪ ದಪ್ಪ ಚಕ್ಕೆ. ಅವರು ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಹಾಕಿದರು. ಹಸಿ ನೀಲಗಿರಿಯ ಘಮ.