ಕಪ್ಪು ವೈರನ್ನು ಮೊದಲು ನೋಡಿ

ಕಾರಿನ ಸ್ಟೀರಿಯೊ ಆನ್ ಆಗದಿದ್ದರೆ ನಮ್ಮ ಕಡೆ ಎಲ್ಲರೂ ಮೊದಲು ಸೆಟ್ಟನ್ನೇ ಬೈಯುತ್ತಾರೆ. ಮಳೆಯ ಕಕ್ಕಡ ತಿಂಗಳು ಕಳೆದು ಕೈಲ್‌ಪೊಳ್ದ್ ಹಬ್ಬ ಬರುವ ಹೊತ್ತಿಗೆ ನಾಪೋಕ್ಲು ಪೇಟೆಗೆ ಇಳಿಯುವ ಜೀಪು, ಕಾರುಗಳಲ್ಲಿ ದನಿ ಸತ್ತ ಸೆಟ್ಟುಗಳು ಬೇಕಾದಷ್ಟಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟೇ ಇರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಳೆಗಾಲ ಕೆಡಿಸುವುದು ಕರೆಂಟ್ ಹೋಗಿಬರುವ ದಾರಿಯನ್ನು. ಅದರಲ್ಲೂ ಹೋಗುವ ದಾರಿಗಿಂತ ಹಿಂದಿರುಗುವ ದಾರಿಯನ್ನು.

ಸೆಟ್ಟಿನ ಬೆನ್ನಿಗೆ ವೈರುಗಳು ಎಷ್ಟೇ ಇರಲಿ, ಜೀವ ಕೊಡುವವು ಮೂರು. ಅಂಗಡಿಯಿಂದ ತಂದು ಕೂರಿಸುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯಿಂದ ನೇರ ಬರುತ್ತದೆ. ಕೀ ತೆಗೆದರೂ ಅದರಲ್ಲಿ ಕರೆಂಟ್ ಇರುತ್ತದೆ, ಗಡಿಯಾರವೂ ಹಿಡಿದಿಟ್ಟ ಸ್ಟೇಷನ್ನುಗಳೂ ಉಳಿಯುವುದು ಅದರ ಬಲದಿಂದ. ಕೆಂಪು ವೈರಿಗೆ ಕರೆಂಟ್ ಬರುವುದು ಕೀ ತಿರುಗಿಸಿದಾಗ ಮಾತ್ರ. ಕಪ್ಪು ವೈರು ಅರ್ತ್. ಅದನ್ನು ಡ್ಯಾಶ್‌ಬೋರ್ಡ್ ಒಳಗೆ ಎಲ್ಲೋ ಒಂದು ಬೋಲ್ಟಿನಡಿ ಬಾಡಿಗೆ ಬಿಗಿದಿರುತ್ತಾರೆ. ಅಲ್ಲಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಕಾರಿನ ತಗಡೇ ವೈರು. ಆ ತಗಡಿಗೆ ತುಕ್ಕು ಹಿಡಿದರೆ, ಬೋಲ್ಟ್ ಸಡಿಲಾದರೆ, ಬಣ್ಣದ ಮೇಲೆಯೇ ಬಿಗಿದಿದ್ದರೆ, ಸೆಟ್ ಎಷ್ಟೇ ದುಬಾರಿಯದಾದರೂ ಕಣ್ಣು ಬಿಡುವುದಿಲ್ಲ.

ಮೊದಲು ಸುಲಭದ ಪರೀಕ್ಷೆಗಳನ್ನು ಮುಗಿಸಿಬಿಡೋಣ. ಹಲವು ಕಾರುಗಳಲ್ಲಿ ಸಿಗರೇಟ್ ಲೈಟರಿನ ಸಾಕೆಟ್ಟಿಗೂ ಸ್ಟೀರಿಯೊಗೂ ಒಂದೇ ಫ್ಯೂಸ್ ಇರುತ್ತದೆ. ಅಲ್ಲಿ ಮೊಬೈಲ್ ಚಾರ್ಜ್ ಆಗದಿದ್ದರೆ ಮೊದಲು ಆ ಫ್ಯೂಸ್ ನೋಡಿ. ಸೆಟ್ಟಿನ ಹಿಂಭಾಗದಲ್ಲೂ ಒಂದು ಫ್ಯೂಸ್ ಇರುವುದುಂಟು, ಬಹಳ ಮಂದಿಗೆ ಅದು ಗೊತ್ತಿಲ್ಲ. ಕೆಂಪು ಫ್ಯೂಸ್ 10 ಆಂಪಿಯರಿನದು, ನೀಲಿ 15ರದು. ಸುಟ್ಟದ್ದರ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೆಲಸ ಸಾಗಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಮುಂದಿನ ಸಲ ಸುಡುವುದು ವೈರು. ಬ್ಯಾಟರಿ ಬದಲಿಸಿದ ಮೇಲೆ ಸೆಟ್ ಸುಮ್ಮನಾಗಿ, ಹಾಕಿದ ಫ್ಯೂಸೆಲ್ಲ ಹಾರುತ್ತಿದ್ದರೆ, ಪ್ಲಸ್ಸು ಮೈನಸ್ಸು ಒಮ್ಮೆ ಅದಲುಬದಲಾಗಿರಬೇಕು. ಹಾಗಾದಾಗ ತಾನು ಸತ್ತು ಸೆಟ್ಟನ್ನು ಉಳಿಸಲೆಂದೇ ಒಳಗೊಂದು ಡಯೋಡ್ ಇರುತ್ತದೆ. ಅನೇಕ ಸಲ ಅದೊಂದನ್ನು ಬದಲಿಸಿದರೆ ಸಾಕು. ಪರದೆಯಲ್ಲಿ ‘ಕೋಡ್’ ಎಂದು ಕೇಳುತ್ತಿದ್ದರಂತೂ ಸೆಟ್ಟಿಗೆ ಏನೂ ಆಗಿಲ್ಲ, ಕಳ್ಳತನದ ಬೀಗ ಬಿದ್ದಿದೆ ಅಷ್ಟೇ. ಆ ಅಂಕಿ ಕಾರಿನ ಕಾಗದಪತ್ರಗಳ ಜೊತೆ ಎಲ್ಲೋ ಇರುತ್ತದೆ.

ಈಗ ಅರ್ತ್ ವಿಚಾರ. ಇಲ್ಲಿ ಜನ ಮೋಸ ಹೋಗುವುದು ಮಲ್ಟಿಮೀಟರಿನಿಂದ. ಈ ವೈರುಗಳು ಸೆಟ್ಟಿಗೆ ಸೇರುವ ಕಪ್ಲರನ್ನು ಕಳಚಿ, ಅದರ ಹಳದಿಗೂ ಕಪ್ಪಿಗೂ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ‘ಕರೆಂಟ್ ಸರಿ ಇದೆ, ಸೆಟ್ಟೇ ಹೋಗಿದೆ’ ಎಂದು ತೀರ್ಮಾನವಾಗುತ್ತದೆ. ಆದರೆ ಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕಿಲುಬು ಹಿಡಿದ ಒಂದೇ ಒಂದು ಎಳೆಯ ಮೂಲಕವೂ ಅಷ್ಟು ಹರಿದು ಬರುತ್ತದೆ. ಸೆಟ್ಟಿಗೆ ಬೇಕಾದಷ್ಟು ಹರಿಯಬೇಕಾದಾಗ ಅದೇ ಎಳೆ ಕೈಕೊಡುತ್ತದೆ. ಒಣ ಊರುಗಳಲ್ಲಿ ಮೀಟರನ್ನು ನಂಬಿ ನಡೆದುಬಿಡಬಹುದೇನೋ. ಕಕ್ಕಬ್ಬೆ, ಬಲ್ಲಮಾವಟಿ ಕಡೆಯ ಶೆಡ್ಡುಗಳಲ್ಲಿ ಮಂಜು ಕುಡಿಯುತ್ತ ನಿಂತ ಗಾಡಿಯಲ್ಲಿ ನಂಬಬಾರದು.

ಅದರ ಬದಲು ಇಂಡಿಕೇಟರಿನ 21 ವಾಟಿನ ಬಲ್ಬಿಗೆ ಎರಡು ವೈರು ಬೆಸೆದುಕೊಳ್ಳಿ. ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಕೀ ಆನ್ ಮಾಡಿ, ಬಲ್ಬಿನ ಒಂದು ತುದಿಯನ್ನು ಬಾಡಿಯ ಹೊಳೆಯುವ ಲೋಹಕ್ಕೆ ಒತ್ತಿ, ಇನ್ನೊಂದನ್ನು ಮೊದಲು ಹಳದಿಗೆ, ಆಮೇಲೆ ಕೆಂಪಿಗೆ ತಾಗಿಸಿ. ಎರಡರಲ್ಲೂ ಬೆಳಗಿದರೆ ಹೋಗುವ ದಾರಿ ಸರಿ ಇದೆ. ಇನ್ನು ಬಾಡಿ ಬಿಟ್ಟು, ಕಪ್ಲರಿನ ಹಳದಿಗೂ ಕಪ್ಪಿಗೂ ನಡುವೆ ಬಲ್ಬ್ ಹಿಡಿಯಿರಿ. ಮಂಕಾಯಿತೇ, ಆರಿತೇ? ಕಳ್ಳ ಸಿಕ್ಕಿಬಿದ್ದ. ಕೆಂಪು ಮಾತ್ರ ಬೆಳಗದಿದ್ದರೆ ಫ್ಯೂಸ್ ಅಥವಾ ಸವೆದ ಕೀ ಸ್ವಿಚ್ಚನ್ನು ಹಿಡಿಯಬೇಕು. ಒಂದು ಎಚ್ಚರ: ಹೊಸ ಕಾರುಗಳಲ್ಲಿ ಏರ್‌ಬ್ಯಾಗಿನ ವೈರುಗಳು ಹಳದಿ ಕವಚದಲ್ಲೋ ಹಳದಿ ಕಪ್ಲರಿನಲ್ಲೋ ಬರುತ್ತವೆ. ಅವುಗಳ ಹತ್ತಿರಕ್ಕೂ ಬಲ್ಬ್ ಒಯ್ಯಬೇಡಿ.

ಅರ್ತ್ ಹೋದ ಸೆಟ್ಟಿಗೆ ಇನ್ನೊಂದು ಗುರುತಿದೆ. ನನಗೆ ಬಹಳ ಇಷ್ಟದ ಗುರುತು ಅದು. ಕಪ್ಪು ವೈರು ಕಡಿದರೂ ಕೆಲವು ಸೆಟ್ಟುಗಳು ಏರಿಯಲ್ ಕೇಬಲ್ಲಿನ ಮೇಲ್ಹೊದಿಕೆಯ ಮೂಲಕ ಬಾಡಿಯನ್ನು ತಲುಪಿ ಹಾಡುತ್ತಲೇ ಇರುತ್ತವೆ. ಗೊರಗೊರ ಸದ್ದು ಸೇರಿಕೊಳ್ಳುತ್ತದೆ, ವಾಲ್ಯೂಮ್ ಏರಿಸಿದರೆ ದೀಪ ಕುಗ್ಗುತ್ತದೆ. ಏರಿಯಲ್ ಪಿನ್ ಕಿತ್ತ ಕ್ಷಣ ಸೆಟ್ ಪೂರ್ತಿ ಸಾಯುತ್ತದೆ. ಮಡಿಕೇರಿ ಆಕಾಶವಾಣಿಯ 103.1 ಬೆಟ್ಟದ ಮರೆಯಲ್ಲದ ಕಡೆಯೂ ಕರಕರ ಎನ್ನುತ್ತಿದ್ದರೆ ಏರಿಯಲ್ಲಿನ ಜೊತೆ ಕಪ್ಪು ವೈರನ್ನೂ ಪರೀಕ್ಷಿಸಿ.

ಸರಿಪಡಿಸಲು ಕೈತುಂಬ ದುಡ್ಡು ಬೇಡ. ಬೋಲ್ಟ್ ಬಿಚ್ಚಿ, ತಗಡು ಬೆಳ್ಳಗಾಗುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಹೊಸ ಲಗ್ಗಿಗೆ ವೈರು ಒತ್ತಿ ಬಿಗಿದು, ಬಿಗಿದ ಮೇಲೆ ಗ್ರೀಸ್ ಸವರಬೇಕು. ವೈರಿನ ತುದಿ ಒಳಗೆ ಹಸಿರಾಗಿದ್ದರೆ ತಾಮ್ರ ಹೊಳೆಯುವಲ್ಲಿಯವರೆಗೆ ಕತ್ತರಿಸಿ ಹಾಕಿ. ಬರೀ ಹೊಸೆದು ಟೇಪ್ ಸುತ್ತಿದ ಜೋಡಣೆ ನಮ್ಮ ಮಳೆಗೆ ತಾಳುವುದಿಲ್ಲ, ಬೆಸೆಯಿರಿ. ಕಾಫಿ ಗೋದಾಮಿನ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದ ಜಾಗಗಳನ್ನೂ ಹುಡುಕಿ. ಸ್ಪೀಕರಿನ ಮೈನಸ್ ವೈರನ್ನು ಮಾತ್ರ ಯಾವ ಕಾರಣಕ್ಕೂ ಬಾಡಿಗೆ ತಾಗಿಸಬೇಡಿ. ಹಳೆಯ ಜೀಪುಗಳಲ್ಲಿ ಹಾಗೆ ಜೋಡಿಸಿದ್ದುಂಟು. ಈಗಿನ ಸೆಟ್ಟುಗಳು ಅದನ್ನು ಶಾರ್ಟ್ ಎಂದು ತಿಳಿದು ತಾವೇ ಬಾಯಿ ಮುಚ್ಚುತ್ತವೆ. ಕೆಂಪು, ಹಳದಿ ಎರಡನ್ನೂ ಒಂದಾಗಿಸಿ ಬ್ಯಾಟರಿಗೆ ಕಟ್ಟುವ ಉಪಾಯವೂ ಬೇಡ. ಸ್ವಿಚ್ ಒತ್ತಲು ಮರೆತರೆ ಮರುದಿನ ಗಾಡಿ ತಳ್ಳಬೇಕಾಗುತ್ತದೆ.

ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೇರಿದಾಗ ನೀರು ಹೊಕ್ಕ ಕಾರಿನ ಮಾತು ಬೇರೆ. ಅಂಥ ಸೆಟ್ಟನ್ನು ಆನ್ ಮಾಡಿ ನೋಡುವುದೇ ಅಪಾಯ. ಒದ್ದೆ ಬೋರ್ಡಿಗೆ ಕರೆಂಟ್ ಸಿಕ್ಕರೆ ಅದರ ತಾಮ್ರದ ಗೆರೆಗಳು ಬೇಗ ಕರಗುತ್ತವೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೆಟ್ ಹೊರತೆಗೆದು, ಬೋರ್ಡಿನ ಕೆಸರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಸಿ. ಪೂರ್ತಿ ಒಣಗಿದ ಮೇಲಷ್ಟೇ ಫ್ಯೂಸ್ ಹಾಕಿ.