ಹತ್ತು ಮೇಣದಬತ್ತಿಯ ತಾಳಮದ್ದಲೆ

ತುಲಾ ಸಂಕ್ರಮಣ ಕಳೆದ ವಾರ, ಹಾರಂಗಿ ಜಲಾಶಯದ ಹತ್ತಿರದ ಗೆಳತಿಯ ಮನೆಯಲ್ಲಿ ನಾವು ನಾಲ್ವರು ಕಂಬಳಿ ಹೊದ್ದು 'ಟೆನ್ ಕ್ಯಾಂಡಲ್ಸ್' ಆಡಿದೆವು. ಸ್ಟೀಫನ್ ಡ್ಯೂಯಿ 2015ರಲ್ಲಿ ಹೊರತಂದ, ಪಾತ್ರವಾಗಿ ಮಾತಾಡುವ ಆಟ ಇದು. ಹತ್ತು ಬತ್ತಿ ಒಂದೊಂದಾಗಿ ಆರಿದಂತೆ ಆಟಗಾರರ ದಾಳಗಳೂ ಕಡಿಮೆಯಾಗುತ್ತವೆ. ಕೊನೆಗೆ ಎಲ್ಲ ಪಾತ್ರಗಳೂ ಸಾಯುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತಾರೆ.

ಅಂತ್ಯ ಗೊತ್ತಿದ್ದರೆ ಭಯವೆಲ್ಲಿ ಎಂದು ಗೆಳೆಯನೊಬ್ಬ ಕೇಳಿದ. ತಾಳಮದ್ದಲೆ ಕೇಳಿದವರು ಹಾಗೆನ್ನುವುದಿಲ್ಲ. ಕರ್ಣ ಸಾಯುತ್ತಾನೆಂದು ತಿಳಿದೇ ನಾವು ಕೂರುವುದು. ಸಾಯುವ ಮುನ್ನ ಅರ್ಥಧಾರಿ ಅವನಿಂದ ಏನು ಆಡಿಸುತ್ತಾನೆ ಎಂಬುದಷ್ಟೇ ಕುತೂಹಲ. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ. ಆದರೆ ಪದ್ಯದ ಆಸರೆಯುಂಟು. ಈ ಆಟದಲ್ಲಿ ಅದಿಲ್ಲದ್ದರಿಂದ ಮೊದಲ ಮೂರು ಬತ್ತಿ ಇಂಗ್ಲಿಷ್ ಸಿನಿಮಾದ ಮಾತುಗಳಲ್ಲೇ ಆರಿಹೋದವು. (ನನ್ನವೂ ಸೇರಿ.) ಗೆಳತಿ ಅರೆಭಾಷೆಗೆ ಹೊರಳಿದ ಮೇಲೆಯೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ನನ್ನ ತಕರಾರು ಒಂದು ನಿಯಮದ ಬಗ್ಗೆ. ಪಾತ್ರಗಳ ಕಡೆಯ ಮಾತನ್ನು ಆರಂಭದಲ್ಲೇ ಮುದ್ರಿಸಿಟ್ಟು, ಎಲ್ಲರೂ ಸತ್ತ ನಂತರ ಕತ್ತಲಲ್ಲಿ ಕೇಳಬೇಕು. ಅವಳದ್ದು ಇಂಗ್ಲಿಷಿನಲ್ಲಿತ್ತು. ಅಷ್ಟು ಹೊತ್ತು ನಮ್ಮ ಪಕ್ಕದಲ್ಲಿದ್ದವಳ ದನಿ ಅದಾಗಿರಲಿಲ್ಲ. ಮುಂದಿನ ಸಲ ಐದನೆಯ ಬತ್ತಿ ಆರಿದ ಮೇಲೆ ಮುದ್ರಿಸೋಣ ಎಂದೆ.