ಮೀನಿನ ಸಂತಾನಕ್ಕೆ ಹಗಲೊಂದೇ ಸಾಕೆ?

‘ಹಗಲು ಉದ್ದವಾದಾಗ ಮೀನು ಮೊಟ್ಟೆ ಇಡುತ್ತದೆ’ ಎಂಬ ಒಂದು ಸಾಲಿನ ವಿವರಣೆ ತರಗತಿಗಳಲ್ಲಿ ಸುಲಭವಾಗಿ ನುಸುಳುತ್ತದೆ. ಅದನ್ನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ನಿಂತು ಪರೀಕ್ಷಿಸಿ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 13 ಗಂಟೆ. ಡಿಸೆಂಬರಿನ ಅತಿ ಚಿಕ್ಕದು ಸುಮಾರು 11 ಗಂಟೆ 20 ನಿಮಿಷ. ನಾರ್ವೆಯ ಬರ್ಗೆನ್‌ನಲ್ಲಿ ಇವು ಸುಮಾರು 19 ಮತ್ತು 6 ಗಂಟೆ. ಅಲ್ಲಿನ ಸಾಲ್ಮನ್ ಮೀನಿಗೆ ಹಗಲೇ ಪಂಚಾಂಗವೆಂಬುದು ನಿಜ. ಆದರೆ ಅದು ಮೊಟ್ಟೆ ಇಡುವುದು ಹಗಲು ಕುಗ್ಗುವ ಶರತ್ಕಾಲದಲ್ಲಿ!

ಈ ವಿವರಣೆಯ ದೊಡ್ಡ ದೋಷವೆಂದರೆ ಎರಡು ಹಂತಗಳನ್ನು ಒಂದಾಗಿಸುವುದು. ಕಣ್ಣು ಹಾಗೂ ಪೀನಿಯಲ್ ಗ್ರಂಥಿ ಬೆಳಕನ್ನು ಗ್ರಹಿಸುತ್ತವೆ. ಕತ್ತಲಲ್ಲಿ ಮೆಲಟೊನಿನ್ ಹೆಚ್ಚುತ್ತದೆ. ಮಿದುಳಿನ ಸೂಚನೆಯಂತೆ ಪಿಟ್ಯುಟರಿ ಹಾರ್ಮೋನುಗಳು ಅಂಡಾಶಯವನ್ನು ಪ್ರಚೋದಿಸುತ್ತವೆ. ಅಲ್ಲಿಂದ ಬಂದ ಎಸ್ಟ್ರಡಯಾಲ್‌ನ ಪ್ರೇರಣೆಯಿಂದ ಯಕೃತ್ತು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನನ್ನು ತಯಾರಿಸುತ್ತದೆ. ಇದು ಬಲಿಯುವ ಹಂತ. ಇದರಲ್ಲೂ ನೀರಿನ ಉಷ್ಣತೆಯ ಪಾಲು ದೊಡ್ಡದೆಂದು ಚೇಳುಮೀನಿನ ಮೇಲಿನ ಪ್ರಯೋಗಗಳು ತೋರಿಸಿವೆ.

ಮೊಟ್ಟೆ ಇಡುವುದು ಬೇರೆಯೇ ಹಂತ. ನಮ್ಮ ಕೆರೆಗಳ ಕಾಟ್ಲಾ, ರೋಹುಗಳ ಅಂಡಾಶಯ ಬಲಿತರೂ ನಿಂತ ನೀರಿನಲ್ಲಿ ಅವು ಸಾಮಾನ್ಯವಾಗಿ ಮೊಟ್ಟೆ ಇಡವು. ಮುಂಗಾರಿನ ಹರಿವ ನೀರು ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಭಾರತದ ಗೆಂಡೆ ಮೀನುಗಳಿಗೆ ಪಿಟ್ಯುಟರಿ ಸಾರವನ್ನು ಚುಚ್ಚಿ ಈ ತಡೆಯನ್ನು ದಾಟಿದರು. ನಿಮ್ಮೂರ ಕೆರೆಗೆ ಬಿಡುವ ಗೆಂಡೆ ಮರಿಗಳು ಬಹುತೇಕ ಇಂಥ ಪ್ರೇರಿತ ಸಂತಾನೋತ್ಪತ್ತಿಯವೇ.